ನಮ್ಮ ಹಳೇ ಬಾರ್‌ಗಳು ಹಾಗೇ ಇರಲಿ

ಮಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ಪಬ್, ಲೌಂಜ್, ರೂಫ್‌ಟಾಪ್. ಹೋಗುವವರು ಹೋಗಲಿ, ನನ್ನ ತಕರಾರಿಲ್ಲ. ಆದರೆ ಸ್ಟೇಟ್‌ಬ್ಯಾಂಕ್, ಬಂದರು, ಕಂಕನಾಡಿ ಕಡೆಯ ಹಳೇ ಬಾರ್‌ಗಳ ಮಾತು ಬಂದಾಗ "ಅಯ್ಯೋ, ಅಲ್ಲಿಗೆಲ್ಲ ಹೋಗ್ತೀರಾ?" ಅಂತ ಮುಖ ಸಿಂಡರಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಕಿಸೆಯಲ್ಲಿ ದುಡ್ಡು ಕಡಿಮೆ ಇದ್ದವನಿಗೂ ಅಲ್ಲಿ ಕುರ್ಚಿ ಉಂಟು. ಒಂದು ನೈಂಟಿ, ಒಂದು ಸೋಡಾ, ಒಂದು ಪ್ಲೇಟ್ ಕಡ್ಲೆ ಹೇಳಿ ಸುಮ್ನೆ ಗಂಟೆಗಟ್ಟಲೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ದಕ್ಕೆಯಲ್ಲಿ ಮೀನು ಇಳಿಸಿ ಬಂದವರು, ಬಸ್ ಕಂಡಕ್ಟರ್, ಬ್ಯಾಂಕಿನಿಂದ ರಿಟೈರ್ ಆದವರು ಎಲ್ಲ ಅಕ್ಕಪಕ್ಕದ ಮೇಜಿನಲ್ಲಿ, ಒಂದು ಕಡೆ ತುಳು, ಇನ್ನೊಂದು ಕಡೆ ಕೊಂಕಣಿ, ನಡುವೆ ಮಲಯಾಳ. 2007ರಲ್ಲಿ ಸಾರಾಯಿ ಬಂದ್ ಆದ ಮೇಲೆ ದುಡಿಯುವವರಿಗೆ ಕೂತು ಕುಡಿಯಲು ಉಳಿದದ್ದು ಇವು, ಬಿಟ್ಟರೆ ಶೇಂದಿ ಅಂಗಡಿ. 2023ರಲ್ಲಿ ಸರ್ಕಾರ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20 ಏರಿಸಿತು. ಅದರ ಮೇಲೆ ಎಸಿ, ಬಣ್ಣದ ಲೈಟು, ಮ್ಯೂಸಿಕ್ ಅಂತ ಬಾರಿನವರೂ ರೇಟು ಏರಿಸಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು? ರಸ್ತೆ ಬದಿಯಲ್ಲಿ ನಿಂತು ಗಟಗಟ ಕುಡಿಯಬೇಕಾ?

ಇನ್ನು ಅಲ್ಲಿನ ಮೀನು! ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದ ಮೇಲೆ ಒಮ್ಮೆ ಹೋಗಿ ಬಂಗುಡೆ ತವಾ ಫ್ರೈ ತಿನ್ನಿ ಮಾರಾಯ್ರೆ. ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ದಪ್ಪಕ್ಕೆ ಮೆತ್ತಿ, ಕಾವಲಿಯಲ್ಲಿ ಅಂಚು ಕರಿಯುವವರೆಗೆ ಬಿಟ್ಟ ಮೀನು. ಜೂನ್, ಜುಲೈಯ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ ಅಲ್ವಾ, ಆಗ ಸಪ್ಲಾಯರೇ ಹೇಳುತ್ತಾನೆ: "ಅಣ್ಣ, ಬಂಗುಡೆ ಐಸಿಂದು, ಇವತ್ತು ಬೇಡ. ಸುಕ್ಕ ಬಿಸಿ ಉಂಟು, ಅದು ತಗೊಳ್ಳಿ." ಗಿರಾಕಿಗೆ ಹೀಗೆ ಹೇಳುವವರು ಇರುವ ಜಾಗದಲ್ಲಿ ಮೆನು ಕಾರ್ಡ್ ಯಾಕೆ ಬೇಕು?

ಕುಡಿತದಿಂದ ಹಾಳಾದ ಮನೆಗಳನ್ನು ನಾನೂ ನೋಡಿದ್ದೇನೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ದಿನಾ ಮುಖ ನೋಡುವ ಬಾರಿನಲ್ಲಿ ಒಂದು ಹಿಡಿತ ಇರುತ್ತದೆ. ಮಾತು ತೊದಲಲು ಶುರುವಾದರೆ ಕ್ಯಾಶಿನಲ್ಲಿ ಕೂತವರೇ "ಸಾಕು ಅಣ್ಣ, ಇನ್ನು ಮನೆಗೆ ಹೋಗಿ" ಅಂದು ರಿಕ್ಷಾ ಕರೆಸುತ್ತಾರೆ. ಬೈಕಿನ ಕೀ ಇಸಿದುಕೊಂಡು ನಾಳೆ ಬನ್ನಿ ಅಂದದ್ದನ್ನೂ ಕಂಡಿದ್ದೇನೆ. ಹೆಸರೇ ಗೊತ್ತಿಲ್ಲದ ಗಿರಾಕಿಗೆ ಯಾರು ಇಷ್ಟು ಮಾಡುತ್ತಾರೆ ಹೇಳಿ.

ಒಂದು ವಿಷಯ ಮಾತ್ರ ಬದಲಾಗಲೇಬೇಕು. ಹೆಂಗಸರು ಬಂದರೆ ಸೀದಾ ಮೂಲೆಯ ಫ್ಯಾಮಿಲಿ ರೂಮ್ ತೋರಿಸುವುದು, ಅವರಿಗೆ ಬೇರೆ ಟಾಯ್ಲೆಟ್ ಇಲ್ಲದಿರುವುದು. ಅವರೂ ದುಡಿದು ದಣಿದೇ ಬರುತ್ತಾರೆ. ಓನರ್‌ಗಳೇ, ರಿನೋವೇಷನ್ ಅಂತ ಕೈಗೆ ದುಡ್ಡು ಬಂದರೆ ಗೋಡೆಗೆ ಗ್ರಾನೈಟ್ ಹಾಕಿಸಬೇಡಿ, ಮೊದಲು ಹೆಂಗಸರಿಗೆ ಒಂದು ಚೊಕ್ಕ ಟಾಯ್ಲೆಟ್ ಕಟ್ಟಿಸಿ.