ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ: ಒಂದು ಸ್ಪಷ್ಟನೆ

"ಮೀನಿನ ತೊಟ್ಟಿಯ ಫಿಲ್ಟರನ್ನು ರಾತ್ರಿ ಆರಿಸಿ, ವಾರಕ್ಕೊಮ್ಮೆ ಸ್ಪಂಜನ್ನು ನಲ್ಲಿ ನೀರಲ್ಲಿ ಉಜ್ಜಿ ತೊಳೆಯಿರಿ" ಎಂಬ ಸಂದೇಶ ಮುಂಬಯಿ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು, ದಯವಿಟ್ಟು ಹಾಗೆ ಮಾಡಬೇಡಿ.

ಫಿಲ್ಟರ್ ಬರೀ ಕಸ ಹಿಡಿಯುವ ಜರಡಿಯಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲೇ ಬೀಡುಬಿಟ್ಟಿರುತ್ತವೆ. ಪಾಲಿಕೆ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಹರಿವು ಗಂಟೆಗಟ್ಟಲೆ ನಿಂತರೂ ಅವುಗಳಿಗೆ ಆಮ್ಲಜನಕ ಸಾಲದು. ಹೊಸ ತೊಟ್ಟಿಯಲ್ಲಿ ಈ ಬಳಗ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದನ್ನು ಕಳೆದುಕೊಂಡ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಲಾಗದು.

ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ, ಸಾಕು. ಕಂದು ಬಣ್ಣ ಉಳಿದರೆ ಉಳಿಯಲಿ.