ಒನಕೆ ನಿಂತ ಬ್ರೇಕಿಂಗ್ ನ್ಯೂಸ್

ವರ್ಷವಿಡೀ ಬಾಗಿಲ ಸಂದಿಯಲ್ಲಿ ಜೇಡರಬಲೆ ಹೊದ್ದು ಒರಗಿರುವ ಒನಕೆಗೆ ಗ್ರಹಣದ ದಿನ ಮಾತ್ರ ಟೀವಿ ಯೋಗ. ಹಿತ್ತಾಳೆ ತಟ್ಟೆ, ಅದರಲ್ಲಿ ಅರಿಶಿನ ಕದಡಿದ ನೀರು, ನಡುವೆ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತ ಒನಕೆ, ಸುತ್ತ ಇಡೀ ಕೇರಿ. ವರದಿಗಾರ ಪಿಸುಗುಡುತ್ತಾನೆ: "ವೀಕ್ಷಕರೇ ಗಮನಿಸಿ, ಒನಕೆ ಇನ್ನೂ ನಿಂತೇ ಇದೆ!" ಗಟ್ಟಿಯಾಗಿ ಹೇಳಿದರೆ ಬಿದ್ದುಬಿಟ್ಟೀತು ಅಂತಿರಬೇಕು. ಸ್ಟುಡಿಯೋದ ಗುರೂಜಿ ಅಲ್ಲಿಂದಲೇ ತಲೆದೂಗುತ್ತಾರೆ: "ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಆಕರ್ಷಣೆ ಜಾಸ್ತಿಯಾಗುತ್ತೆ. ಇದು ಪ್ಯೂರ್ ಸೈನ್ಸು."

ಸೈನ್ಸು ಅಂದಮೇಲೆ ಲೆಕ್ಕ ಕೇಳಲೇಬೇಕಲ್ಲ. ಈ ಮೂವರೂ ಪ್ರತಿ ಅಮಾವಾಸ್ಯೆ, ಪ್ರತಿ ಹುಣ್ಣಿಮೆಗೆ ಹೆಚ್ಚುಕಡಿಮೆ ಸಾಲಿಗೆ ಬರುತ್ತಾರೆ. ಚಂದ್ರನ ದಾರಿ 5 ಡಿಗ್ರಿಯಷ್ಟು ವಾರೆಯಾಗಿರುವುದರಿಂದ ಬಹುಪಾಲು ಸಲ ನೆರಳು ಮೇಲೋ ಕೆಳಗೋ ಜಾರಿಹೋಗಿ ಗ್ರಹಣ ತಪ್ಪುತ್ತದೆ, ಅಷ್ಟೆ. ಸೆಳೆತವೇನೂ ಗ್ರಹಣಕ್ಕೆ ಕಾದು ಕೂರುವುದಿಲ್ಲ. ಆ ಸೆಳೆತವಾದರೂ ಎಷ್ಟು? ಸೂರ್ಯ ಚಂದ್ರ ಇಬ್ಬರೂ ಸೇರಿ ಜಗ್ಗಿದರೂ 3 ಕೆಜಿ ಒನಕೆಯ ತೂಕದಲ್ಲಿ ಆಗುವ ವ್ಯತ್ಯಾಸ ಸುಮಾರು ಅರ್ಧ ಮಿಲಿಗ್ರಾಂ. ಒಂದು ರಾಗಿ ಕಾಳಿನ ಕಾಲು ಭಾಗವೂ ಆಗದು. ಒನಕೆ ಮೇಲೆ ಒಂದು ನೊಣ ಬಂದು ಕೂತರೆ ಅದರ ಭಾರ ಇದರ ಹತ್ತಾರು ಪಟ್ಟು. ಅಂದರೆ ರಾಹುವಿಗಿಂತ ನೊಣವೇ ಬಲಿಷ್ಠ. ಆದರೂ ನೊಣದೋಷಕ್ಕೆ ಶಾಂತಿ ಮಾಡಿಸುವ ಪ್ಯಾಕೇಜು ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ.

ನನಗೆ ಗುರೂಜಿಗಿಂತ ಅವರ ತೊಡೆ ಮೇಲಿನ ಪಂಚಾಂಗದ್ದೇ ಸೋಜಿಗ. ಕ್ರಿ.ಶ. 499ರಲ್ಲೇ ಆರ್ಯಭಟ "ಛಾದಯತಿ ಶಶೀ ಸೂರ್ಯಂ" ಎಂದು ಬರೆದಿಟ್ಟ: ಸೂರ್ಯನನ್ನು ಮುಚ್ಚುವವನು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಪಂಚಾಂಗದಲ್ಲಿ ಗ್ರಹಣ ಹಿಡಿಯುವ ಸ್ಪರ್ಶಕಾಲ, ಬಿಡುವ ಮೋಕ್ಷಕಾಲ ನಿಮಿಷ ಸಮೇತ ಅಚ್ಚಾಗುವುದು ಇದೇ ನೆರಳಿನ ಲೆಕ್ಕದಿಂದ. ಅದೇ ಪುಟದಲ್ಲಿ ಎರಡು ಸಾಲು ಕೆಳಗೆ ಬನ್ನಿ, ಸರ್ಪ ಹೆಡೆಯೆತ್ತಿರುತ್ತದೆ: ಈ ಈ ರಾಶಿಯವರಿಗೆ ದೋಷ, ಹುರುಳಿ ದಾನ ಮಾಡಿ. ಲೆಕ್ಕಕ್ಕೆ ನೆರಳು, ಹೆದರಿಸೋದಕ್ಕೆ ಹಾವು. ದಕ್ಷಿಣೆಗೆ ಮಾತ್ರ ಕ್ಯೂಆರ್ ಕೋಡು.

2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಆಕಾಶದಲ್ಲಿ ಸೂರ್ಯ ಬಳೆಯಾಗಿ ನಿಂತ. ಮನುಷ್ಯನ ಆಯಸ್ಸಿನಲ್ಲಿ ಮನೆಯಂಗಳದಿಂದಲೇ ಕಾಣುವ ಅಂಥ ನೋಟ ಒಂದು ಸಿಕ್ಕರೆ ಅದೇ ಹೆಚ್ಚು. ಅವತ್ತು ಎಷ್ಟೋ ಮನೆಯವರು ಕಿಟಕಿಗೆ ಪರದೆ ಎಳೆದು, ಫ್ರಿಜ್ಜಿನೊಳಗಿನ ದೋಸೆಹಿಟ್ಟಿಗೂ ದರ್ಭೆ ಇಟ್ಟು, ಅದೇ ಬಳೆಯನ್ನು ಟೀವಿಯಲ್ಲಿ ನೋಡಿದರು. ಟೀವಿ ಮೂಲಕ ಬಂದ ಕಿರಣಕ್ಕೆ ದೋಷವಿಲ್ಲವೋ ಏನೋ. ಅದೇ ದಿನ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ, ಅಂಗವೈಕಲ್ಯ ವಾಸಿಯಾಗಲಿ ಅಂತ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ಕೂರಿಸಿದ್ದರು. ಒನಕೆಗೆ ನಕ್ಕಷ್ಟು ಸುಲಭವಾಗಿ ಇದಕ್ಕೆ ನಗಲಾಗುವುದಿಲ್ಲ.

ಇರಲಿ, ಒನಕೆಗೇ ಬರೋಣ. ಮೊನ್ನೆ ಮಂಗಳವಾರ, ಅಮಾವಾಸ್ಯೆಯೂ ಅಲ್ಲ ಹುಣ್ಣಿಮೆಯೂ ಅಲ್ಲ, ನಮ್ಮದನ್ನು ಒರೆಸಿ ನಡುಮನೆಗೆ ತಂದೆ. ತಳದ ಕಬ್ಬಿಣದ ಬಳೆ ಸಮತಟ್ಟಾಗಿತ್ತು. ಎರಡು ಸಲ ವಾಲಿತು. ಮೂರನೇ ಸಲ ಉಸಿರು ಬಿಗಿಹಿಡಿದು ಕೂದಲೆಳೆಯಷ್ಟು ತಿರುಗಿಸಿ ಮೆಲ್ಲಗೆ ಕೈ ತೆಗೆದರೆ, ನಿಂತೇ ಬಿಟ್ಟಿತು! ಭಾರದ ಕೇಂದ್ರ ತಳದ ಮೇಲೆ ನೇರ ಬಿದ್ದರೆ ಸಾಕು, ರಾಹು ಬರಬೇಕಾಗಿಲ್ಲ ಅಂತ ಹೆಂಡತಿಗೆ ಭಾಷಣ ಶುರುಮಾಡಿದ್ದೆ. ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ಅಜ್ಜಿ ಹೊಸಿಲಲ್ಲೇ ನಿಂತು ಒನಕೆ ನೋಡಿದರು, ನನ್ನ ಮುಖ ನೋಡಿದರು.

"ಅಯ್ಯೋ ಶಿವನೇ, ಇವತ್ತು ಗ್ರಹಣಾನೇನಪ್ಪಾ? ಒಂದು ಮಾತು ಹೇಳಬಾರದಾ? ಹಾಲಿಗೆ ದರ್ಭೆ ಹಾಕಿಲ್ವಲ್ಲೋ!"

ಲೋಟ ಅಲ್ಲೇ ಬಿಟ್ಟು ಓಡಿದರು. ಹತ್ತು ನಿಮಿಷದಲ್ಲಿ ನಮ್ಮ ಬೀದಿಯ ಅಷ್ಟೂ ಕಿಟಕಿ ಮುಚ್ಚಿದ್ದವು.