ಬೆಲೆ ಇಳಿದಿಲ್ಲ ಸ್ವಾಮಿ, ಏರುವ ವೇಗ ತಗ್ಗಿದೆ

ಶ್ರೀಲಂಕಾದಲ್ಲಿ ಹಣದುಬ್ಬರ ಇಳಿಯಿತು, ಕಷ್ಟ ಮುಗಿಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. 2022ರ ಸೆಪ್ಟೆಂಬರ್‌ನಲ್ಲಿ ಅದು ಹತ್ತಿರ ಹತ್ತಿರ 70% ಮುಟ್ಟಿತ್ತು. ಆಮೇಲೆ ಇಳಿಯಿತು ಅಂದ್ರೆ ಅಕ್ಕಿ ಬೆಲೆ ಹಳೆಯ ಜಾಗಕ್ಕೆ ಬಂತು ಅಂತಲ್ಲ, ಅಲ್ವಾ? ಸಂಬಳ ಅಷ್ಟು ಏರಿತಾ?

ಕಟುನಾಯಕೆ ವಿಮಾನ ನಿಲ್ದಾಣದ ಪಕ್ಕದ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೇ ನೋಡಿ. ಅವರು ನೆಚ್ಚಿಕೊಂಡಿದ್ದೇ ಓಟಿ ದುಡ್ಡನ್ನು. ಆರ್ಡರ್ ಕಮ್ಮಿಯಾಯಿತು, ಓಟಿ ಹೋಯಿತು. ರೂಮಿನ ಬಾಡಿಗೆ, ಊರಿಗೆ ಕಳಿಸಬೇಕಾದ ದುಡ್ಡು ಮಾತ್ರ ಹಾಗೇ ಉಳಿಯಿತು. ಕೈಯಲ್ಲಿದ್ದ ಒಂದು ಜೊತೆ ಬಳೆ ಗಿರವಿಗೆ ಹೋಗದೆ ಇನ್ನೇನು? 2022ರ ಏಪ್ರಿಲ್‌ನಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಬಡ್ಡಿದರವನ್ನು ಒಂದೇ ಏಟಿಗೆ ಶೇಕಡಾ 7 ಪಾಯಿಂಟ್ ಏರಿಸಿತ್ತು. ಗಿರವಿ ಬಡ್ಡಿ ಸುಮ್ನೆ ಕೂರುತ್ತಾ?

ನನಗೆ ಜಾಸ್ತಿ ಸಿಟ್ಟು ಬಂದಿದ್ದು 2023ರ ದೇಶೀಯ ಸಾಲದ ಹೊಂದಾಣಿಕೆ ನೋಡಿ, ಅಂದ್ರೆ ಸರ್ಕಾರ ದೇಶದೊಳಗೇ ಮಾಡಿದ್ದ ಸಾಲದ ಷರತ್ತು ಬದಲಿಸಿದ್ದು. ಬ್ಯಾಂಕುಗಳ ಕೈಲಿದ್ದ ಸರ್ಕಾರಿ ಬಾಂಡ್ ಮುಟ್ಟಲಿಲ್ಲ. ಕಾರ್ಮಿಕರ ಪಿಎಫ್ ನಿಧಿಗೆ ಮಾತ್ರ, ಕೈಲಿರುವ ಸರ್ಕಾರಿ ಬಾಂಡ್ ಕೊಟ್ಟು ಹೊಸ ಬಾಂಡ್‌ಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಅದರ ಆದಾಯಕ್ಕೆ 14ರ ಬದಲು 30% ತೆರಿಗೆ ಕಟ್ಟಿ ಅಂದರು. ಇಷ್ಟುದ್ದದ ಲೇಖನದಲ್ಲಿ ಇದಕ್ಕೊಂದು ಸಾಲು ಜಾಗ ಸಿಗಲಿಲ್ಲವೇ?